ಹಾರ್ಲೆಮ್‌ನ 369ನೆಯ ಪದಾತಿ ದಳ

ಕೇಳುಗರಿಗೆ ನಮಸ್ಕಾರ.

ಮೊದಲ ಮಹಾಯುದ್ಧದ ಕಾಲ, 1918ರ ಮೇ ತಿಂಗಳ ಒಂದು ನಡುರಾತ್ರಿ. ಫ್ರಾನ್ಸಿನ ಆರ್ಗಾನ್ ಅರಣ್ಯದ ಅಂಚಿನ ಕಾವಲು ಠಾಣೆಯೊಂದರಲ್ಲಿ ಇಬ್ಬರು ಕಪ್ಪು ಅಮೆರಿಕನ್ ಸೈನಿಕರು ಪಹರೆ ಕಾಯುತ್ತಿದ್ದರು. ಕತ್ತಲಲ್ಲಿ ಯಾರೋ ಮುಳ್ಳುತಂತಿ ಕತ್ತರಿಸುತ್ತಿರುವ ಸದ್ದು ಕೇಳಿಸಿತು. ಜರ್ಮನ್ ತುಕಡಿ ಮೇಲೆರಗಿದಾಗ ನೀಡಮ್ ರಾಬರ್ಟ್ಸ್ ಗಾಯಗೊಂಡು ಬಿದ್ದರು. ಅವರ ಸಂಗಾತಿ ಹೆನ್ರಿ ಜಾನ್ಸನ್ ಕೈಬಾಂಬ್ ಎಸೆದರು. ಬಂದೂಕು ಕೈಕೊಟ್ಟಾಗ ಅದನ್ನೇ ದೊಣ್ಣೆಯಂತೆ ಬೀಸಿದರು. ಕೊನೆಗೆ ಉದ್ದನೆಯ ಚೂರಿ ಹಿಡಿದು, ರಾಬರ್ಟ್ಸ್‌ರನ್ನು ಸೆರೆಯೊಯ್ಯುತ್ತಿದ್ದವರ ಮೇಲೆ ಬಿದ್ದು ಬಿಡಿಸಿಕೊಂಡರು. ಅವರ ಮೈಮೇಲೆ 21 ಗಾಯಗಳಾಗಿದ್ದವು. ಸೈನ್ಯಕ್ಕೆ ಸೇರುವ ಮೊದಲು ಅವರು ಆಲ್ಬನಿ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಹೊರುತ್ತಿದ್ದರು.

ಇವರಿದ್ದ ದಳ 1916ರಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯಲ್ಲಿ 15ನೆಯ ಪದಾತಿ ದಳವೆಂದು ರೂಪುಗೊಂಡಿತ್ತು. ಸೈನಿಕರೆಲ್ಲ ಕಪ್ಪು ಜನ, ಅಧಿಕಾರಿಗಳಲ್ಲಿ ಹೆಚ್ಚಿನವರು ಬಿಳಿಯರು. 1917ರಲ್ಲಿ ತರಬೇತಿಗೆಂದು ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್‌ಗೆ ಹೋದಾಗ, ಸೈನ್ಯದ ಸಮವಸ್ತ್ರ ತೊಟ್ಟವರನ್ನೇ ಅಲ್ಲಿಯ ಬಿಳಿಯರು ಹೀಯಾಳಿಸಿದರು, ಕೈಮಾಡಿದರು. ಫ್ರಾನ್ಸ್ ತಲುಪಿದ ಮೇಲೂ ಮೊದಲು ಸಿಕ್ಕಿದ್ದು ಬಂದರಿನ ಕೂಲಿಕೆಲಸ. ಬಿಳಿಯ ದಳಗಳ ಪಕ್ಕದಲ್ಲಿ ಅವರನ್ನು ಕಾದಾಟಕ್ಕೆ ನಿಲ್ಲಿಸಲು ಅಮೆರಿಕದ ಸೇನೆಗೆ ಮನಸ್ಸಿರಲಿಲ್ಲ. ಕಂದಕಗಳಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡಿದ್ದ ಫ್ರಾನ್ಸಿಗೆ ಸೈನಿಕರು ಬೇಕಾಗಿದ್ದರು. ಆದ್ದರಿಂದ 1918ರ ಮಾರ್ಚ್‌ನಲ್ಲಿ, 369 ಎಂಬ ಹೊಸ ಸಂಖ್ಯೆಯೊಡನೆ, ಇಡೀ ದಳವನ್ನು ಫ್ರೆಂಚರ ವಶಕ್ಕೆ ಕೊಡಲಾಯಿತು. ಮೈಮೇಲೆ ಅಮೆರಿಕದ ಸಮವಸ್ತ್ರ, ತಲೆಯ ಮೇಲೆ ಫ್ರೆಂಚರ ಉಕ್ಕಿನ ಟೋಪಿ, ಕೈಯಲ್ಲಿ ಫ್ರೆಂಚರ ಬಂದೂಕು: ಸ್ವಂತ ಸೇನೆ ಅವರನ್ನು ಹೊರಗಿಟ್ಟದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆಂದು ನನಗನಿಸುವುದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಆಗಸ್ಟ್ ತಿಂಗಳಲ್ಲಿ, ಅಮೆರಿಕದ ಸೇನೆಯೊಡನಿದ್ದ ಫ್ರೆಂಚ್ ನಿಯೋಗವು ತನ್ನ ಅಧಿಕಾರಿಗಳಿಗೊಂದು ಗುಟ್ಟಿನ ಸೂಚನೆ ಬರೆಯಿತು. ಕಪ್ಪು ಅಧಿಕಾರಿಗಳೊಡನೆ ಕುಳಿತು ಉಣ್ಣಬಾರದು, ಅವರ ಕೈಕುಲುಕಬಾರದು, ಬಿಳಿಯ ಅಮೆರಿಕನ್ನರ ಎದುರು ಕಪ್ಪು ಸೈನಿಕರನ್ನು ಅತಿಯಾಗಿ ಹೊಗಳಬಾರದು ಎಂದು ಅದರಲ್ಲಿತ್ತು. ಓದುವಾಗ ಈಗಲೂ ಮನಸ್ಸು ಕುದಿಯುತ್ತದೆ.

ಆ ದಳ 191 ದಿನ ರಣರಂಗದ ಮುಂಚೂಣಿಯಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಸೆಶೋ ಗ್ರಾಮವನ್ನು ಗೆದ್ದುಕೊಟ್ಟದ್ದಕ್ಕೆ ಫ್ರಾನ್ಸ್ ಇಡೀ ದಳಕ್ಕೆ 'ಕ್ರ್ವಾ ದ ಗೇರ್' ಪದಕ ನೀಡಿತು. ಜಾನ್ಸನ್ ಮತ್ತು ರಾಬರ್ಟ್ಸ್ ಅದನ್ನು ಮೊದಲೇ ಪಡೆದಿದ್ದರು. 1919ರ ಫೆಬ್ರವರಿ 17ರಂದು ಆ ಸೈನಿಕರು ನ್ಯೂಯಾರ್ಕ್‌ನ ಐದನೆಯ ಅವೆನ್ಯೂದಲ್ಲಿ ಸಾಲುಗಟ್ಟಿ ನಡೆದಾಗ, ನಗರವೇ ಇಕ್ಕೆಲಗಳಲ್ಲಿ ನೆರೆದು ಜಯಕಾರ ಹಾಕಿತು.

ಜಾನ್ಸನ್‌ರಿಗೆ ಮಾತ್ರ, ಆ ಗಾಯಗಳಿಂದಾಗಿ, ಸಾಮಾನು ಹೊರುವ ಹಳೆಯ ಕೆಲಸವನ್ನೂ ಮಾಡಲಾಗಲಿಲ್ಲ. 1929ರಲ್ಲಿ ಅವರು ತೀರಿಕೊಂಡರು. ತಮ್ಮ ದೇಶದಿಂದ ಒಂದು ಶೌರ್ಯಪದಕವನ್ನೂ ಅವರು ಬದುಕಿದ್ದಾಗ ಕಾಣಲಿಲ್ಲ. ಅಮೆರಿಕದ ಅತ್ಯುನ್ನತ ಪದಕ 'ಮೆಡಲ್ ಆಫ್ ಆನರ್' ಅವರ ಹೆಸರಿಗೆ ಬಂದದ್ದು 2015ರಲ್ಲಿ. ಶ್ವೇತಭವನದಲ್ಲಿ ಅವರ ಪರವಾಗಿ ಅದಕ್ಕೆ ಕೈಯೊಡ್ಡಿದ್ದು ನ್ಯೂಯಾರ್ಕ್ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯ ಒಬ್ಬ ಸಾರ್ಜೆಂಟ್ ಮೇಜರ್.