ಕಪ್ಪು ಕಪ್ಪಾಗಿಯೇ ಬರಲಿ

ಕೇಳುಗ ಬಂಧುಗಳಿಗೆ ಶರಣು.

ಲಗ್ನದ ಆಲ್ಬಮ್ ತಿರುವಿ ಹಾಕುವಾಗ ಮನೆಯಲ್ಲಿ ಒಬ್ಬರಾದರೂ ಅಂದೇ ಅಂತಾರೆ: "ಇದರಾಗೇನದ, ಎಲ್ಲಾ ಕಂಪ್ಯೂಟರ್ ಕಮಾಲ್." ಈ ಮಾತು ಅರ್ಧ ತಪ್ಪಲ್ಲ, ಪೂರ್ತಿ ತಪ್ಪು. ಫೋಟೋ ತಿದ್ದುವಾಗ, ಕ್ಯಾಮೆರಾ ಹಿಡಿದಿಟ್ಟ ಬೆಳಕನ್ನು ಹೊರಗೆ ತೆಗೆಯುವುದು ಕಸುಬು. ಹಿಡಿಯದೇ ಬಿಟ್ಟದ್ದನ್ನು ತುಂಬಲು ಹೋಗುವುದು ಊರುಗೋಲು. ನಾನು ಹೇಳಬೇಕಾದದ್ದು ಇಷ್ಟೇ. ರೇಡಿಯೋದವರು ಕೊಟ್ಟ ಸಮಯವೆಲ್ಲ ಇದನ್ನೇ ಹೇಳುತ್ತೇನೆ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಬೀದರಿನ ಒಂದು ಬಿದರಿ ಹೂಜಿಯನ್ನೇ ತೊಗೊಳ್ರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ತಂತಿ ಕೂಡಿಸಿ, ಕಡೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪಿಗೇ ಅದರ ಕಿಮ್ಮತ್ತು. ಈಗ ಹೂಜಿಯನ್ನು ಮೇಜಿನ ಮೇಲಿಟ್ಟು, ಕ್ಯಾಮೆರಾವನ್ನು ಆಟೋ ಮೋಡಿನಲ್ಲಿಟ್ಟು ಒಂದು ಫೋಟೋ ಹೊಡೆದು ನೋಡ್ರಿ. ಕಪ್ಪು ಒಲೆಯ ಬೂದಿಯಂತೆ ಬಂದಿರುತ್ತದೆ, ಬೆಳ್ಳಿಯ ಹೂಬಳ್ಳಿ ಸುಟ್ಟು ಬರೀ ಬಿಳಿ ಕಲೆಯಾಗಿರುತ್ತದೆ.

ಯಾಕೆ ಹೀಗಾಯಿತು? ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರಿಗೆ ಬಿದರಿ ಗೊತ್ತಿಲ್ಲ. ಎದುರಿಗೆ ಏನೇ ಇರಲಿ, ಅದು ನಡುಮಧ್ಯದ ಬೂದು ಬಣ್ಣದ್ದೇ ಎಂದು ಲೆಕ್ಕ ಹಾಕುತ್ತದೆ. ಇಷ್ಟೊಂದು ಕಪ್ಪು ಕಂಡಕೂಡಲೇ ಬೆಳಕು ಸಾಲದೆಂದುಕೊಂಡು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಹಂಗಾದರೆ ಸುಳ್ಳು ಹೇಳಿದ್ದು ಯಾರು? ಇನ್ನೂ ಯಾರೂ ಕಂಪ್ಯೂಟರ್ ಮುಟ್ಟಿಯೇ ಇಲ್ಲ!

ಸರಿಯಾದ ದಾರಿ ಹೀಗಿದೆ. ಫ್ಲ್ಯಾಶ್ ಬೇಡವೇ ಬೇಡ, ಅದು ಹೂಜಿಯ ಹೊಟ್ಟೆಯ ಮೇಲೆ ಚುಕ್ಕೆಯಾಗಿ ಕೂರುತ್ತದೆ. ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟಿ, ಬೆಳಕು ಸೋಸಿ ಬರಲಿ. ಟ್ರೈಪಾಡ್ ಮೇಲೆ ಕ್ಯಾಮೆರಾ, ಬೆಳಕಿಗೆ ಅದರ ಸೂಕ್ಷ್ಮತೆ ಅಂದರೆ ಐಎಸ್‌ಒ 100, ಲೆನ್ಸಿನ ಕಿಂಡಿ ಅಂದರೆ ಅಪರ್ಚರ್ ಎಫ್ 8. ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಮೀಟರಿನ ಲೆಕ್ಕ ತಿದ್ದುವ ಅಂಕಿ, ಮೈನಸ್ 1ಕ್ಕೆ ಇಳಿಸಿ, ಒಂದು ಹೊಡೆದು ಹಿಸ್ಟೋಗ್ರಾಮ್ ನೋಡಿ. ಕ್ಯಾಮೆರಾದ ಪರದೆಯಲ್ಲಿ ಗುಡ್ಡದಂತೆ ಕಾಣುವ ನಕ್ಷೆಯೇ ಹಿಸ್ಟೋಗ್ರಾಮ್. ಅದರ ಬಲ ತುದಿ ಗೋಡೆಗೆ ಒರಗಿದ್ದರೆ ಬೆಳ್ಳಿ ಸುಟ್ಟಿದೆ ಅಂತ ಅರ್ಥ, ಇನ್ನೂ ಇಳಿಸಿ. ಫೈಲ್ ರಾ ಇರಲಿ, ಅಂದರೆ ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಹಾಗೇ ಇಟ್ಟ ಫೈಲ್. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಕತ್ತಲೆಯಿಂದ ಬೆಳಕಿನವರೆಗೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ಕಪ್ಪಿನೊಳಗಿನ ಕಪ್ಪು ಬಿಡಿಸಿ ತೋರಿಸಲು ಆ ಮೆಟ್ಟಿಲು ಬೇಕೇ ಬೇಕು. ಮೊದಲ ಫ್ರೇಮಿನಲ್ಲಿ ಹೂಜಿಯ ಪಕ್ಕ ಒಂದು ಗ್ರೇ ಕಾರ್ಡ್, ಅಂದರೆ ಬೂದು ಬಣ್ಣದ ರಟ್ಟು, ಇಡಿ. ಕಂಪ್ಯೂಟರಿನಲ್ಲಿ ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸಿನ ಡ್ರಾಪರನ್ನು ಅದರ ಮೇಲೆ ಒತ್ತಿದರೆ ಬೆಳ್ಳಿ ಹಿತ್ತಾಳೆಯಂತೆ ಹಳದಿಯಾಗುವುದು ತಪ್ಪುತ್ತದೆ. ಆಮೇಲೆ ಕಪ್ಪನ್ನು ಗಾಢ ಮಾಡುವ ಬ್ಲ್ಯಾಕ್ಸ್ ಸ್ಲೈಡರನ್ನು ಎಡಕ್ಕೆ ಸರಿಸುತ್ತಾ ಹೋಗಿ, ಹೂಜಿ ಕೈಯಲ್ಲಿ ಹಿಡಿದಾಗ ಕಾಣುವ ಕಪ್ಪು ಬಂದಲ್ಲಿ ನಿಲ್ಲಿಸಿ. ಐದು ನಿಮಿಷದ ಕೆಲಸ.

ಇದನ್ನು ಮೋಸ ಅಂತೀರೇನು? ಹೂಜಿ ಇದ್ದಂತೆ ಕಂಡದ್ದು ತಿದ್ದಿದ ಮೇಲೆಯೇ. ಆದರೆ ಬೆಳ್ಳಿ ಸುಟ್ಟ ಫೋಟೋ ತಂದು "ಸರಿ ಮಾಡಿಕೊಡ್ರಿ" ಅಂದರೆ ಯಾರಪ್ಪನ ಕೈಲೂ ಆಗದು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ತುಂಬಿ ಹರಿದ ಜಾಗದಲ್ಲಿ ಗೆರೆಯೂ ಇಲ್ಲ, ಹೂವೂ ಇಲ್ಲ. ಹೈಲೈಟ್, ಅಂದರೆ ತೀರಾ ಬೆಳಗಿದ ಭಾಗ, ಎಷ್ಟೇ ಇಳಿಸಿದರೂ ಬಿಳಿ ಕಲೆ ಹೋಗಿ ಬೂದು ಕಲೆ ಆಗುತ್ತದೆ, ಅಷ್ಟೇ.

ಕಂಪ್ಯೂಟರ್ ಬರುವ ಮುಂಚೆ ಫೋಟೋ ಎಲ್ಲ ಸತ್ಯವಾಗಿದ್ದವು ಅನ್ನುವ ಹಿರಿಯರು ಹಳೇ ಸ್ಟುಡಿಯೋದ ರಿಟಚಿಂಗ್ ಡೆಸ್ಕ್ ನೆನಪಿಸಿಕೊಳ್ಳಲಿ. ಓರೆಯಾದ ಕಟ್ಟಿಗೆಯ ಚೌಕಟ್ಟು, ನಡುವೆ ಮಸುಕು ಗಾಜು, ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಎಸೆಯುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಪೆನ್ಸಿಲ್ ಹಿಡಿಯಲಿ ಎಂದು ಒಂದು ತೊಟ್ಟು ವಾರ್ನಿಶ್ ಉಜ್ಜಿ, ಸೂಜಿಯ ಹಾಗೆ ಚೂಪು ಮಾಡಿದ ಗಟ್ಟಿ ಪೆನ್ಸಿಲಿನಿಂದ ಮುಖದ ಸುಕ್ಕಿನ ಮೇಲೆ ಅಲ್ಪವಿರಾಮದಂಥ ಸಣ್ಣ ಸಣ್ಣ ಗೀರು ಎಳೆಯುತ್ತಿದ್ದರು. ಸುಕ್ಕು ನೆಗೆಟಿವಿನಲ್ಲಿ ತೆಳುವಾಗಿ ಪಾರದರ್ಶಕವಾಗಿರುತ್ತದೆ, ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟಿನಲ್ಲಿ ಬೆಳ್ಳಗಾಗಿ ಸುಕ್ಕು ಮಾಯ. ಡಾರ್ಕ್ ರೂಮಿನಲ್ಲಿ ಕಡ್ಡಿಗೆ ರಟ್ಟಿನ ಬಿಲ್ಲೆ ಸಿಗಿಸಿ ಒಂದು ಕಡೆ ನೆರಳು ಹಿಡಿದರೆ ಅಷ್ಟು ಭಾಗ ತಿಳಿಯಾಗುತ್ತಿತ್ತು, ಕೈಯನ್ನು ಮಡಚಿ ಸಂದಿಯಿಂದ ಬೆಳಕು ಬಿಟ್ಟರೆ ಕಡುವಾಗುತ್ತಿತ್ತು. ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಫೋಟೋಶಾಪಿನಲ್ಲಿ ತಿಳಿ ಮಾಡುವ ಡಾಡ್ಜ್ ಮತ್ತು ಕಡು ಮಾಡುವ ಬರ್ನ್ ಟೂಲುಗಳ ಚಿತ್ರ ನೋಡಿ. ಒಂದರಲ್ಲಿ ಅದೇ ಕಡ್ಡಿ ಬಿಲ್ಲೆ, ಇನ್ನೊಂದರಲ್ಲಿ ಅದೇ ಮಡಚಿದ ಕೈ! ನಮ್ಮ ಬೀದರ್ ಭಾಗವೆಲ್ಲ ನಿಜಾಮರ ರಾಜ್ಯದಲ್ಲಿದ್ದಾಗ ಆಸ್ಥಾನದ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳರ ಕಾಲದ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕೇ ಜಾಸ್ತಿ ಹತ್ತುತ್ತಿತ್ತು. ಅದಕ್ಕೇ ಆಗಿನ ಫೋಟೋಗಳಲ್ಲಿ ಆಕಾಶ ಬರೀ ಬಿಳಿ. ಇದೇ ತೊಂದರೆಗೆ ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಕಡಲಿಗೊಂದು ನೆಗೆಟಿವ್, ಮೋಡಕ್ಕೊಂದು ನೆಗೆಟಿವ್ ಜೋಡಿಸಿ ಒಂದೇ ಪ್ರಿಂಟ್ ತೆಗೆದರು.

ಇನ್ನು ನಮ್ಮ ಹುಡುಗರು ಲಗ್ನದ ಆಲ್ಬಮಿನಲ್ಲಿ ಮಾಡುವುದು. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ನಮ್ಮ ಬಿಸಿಲಿನಲ್ಲಿ ಹುಟ್ಟಿ ಬೆಳೆದವರ ಬಣ್ಣ ಎಣ್ಣೆಗೆಂಪು, ಕಪ್ಪು. ಸಾಫ್ಟ್ ಬ್ರಶ್ ಎಳೆದು ಮುಖ ಸುಲಿದ ಮೊಟ್ಟೆಯಂತೆ ಮಾಡುತ್ತಾರೆ, ಕುತ್ತಿಗೆ ಮತ್ತು ಕೈ ಮರೆತುಬಿಡುತ್ತಾರೆ. ಮುಖ ಒಬ್ಬರದು, ಮೆಹಂದಿ ಹಚ್ಚಿದ ಕೈ ಇನ್ನೊಬ್ಬರದು! ಕಪ್ಪು ಹೂಜಿಯನ್ನು ಬೂದಿ ಮಾಡಿದ ಮೀಟರಿಗೂ ಇವರಿಗೂ ಏನು ಫರಕು? ಮೊಡವೆ ವಾರದಲ್ಲಿ ಹೋಗುವಂಥದ್ದು, ಹೀಲಿಂಗ್ ಬ್ರಶ್‌ನಿಂದ ತೆಗೆಯಿರಿ. ಮಚ್ಚೆ, ಹಳೇ ಗಾಯದ ಗುರುತು ಆ ಮುಖದ್ದೇ, ಕೈ ಹಚ್ಚಬೇಡಿ. ಕಣ್ಣ ಕೆಳಗಿನ ನೆರಳಿಗೆ ಬ್ರಶ್ಶಿನ ಒಪ್ಯಾಸಿಟಿ, ಅಂದರೆ ಬಣ್ಣ ಹತ್ತುವ ಪ್ರಮಾಣ, ಶೇಕಡಾ 10, ಹೆಚ್ಚೆಂದರೆ 15, ಎರಡು ಸಲ ಎಳೆದು ನಿಲ್ಲಿಸಿ. ಕೆಲಸ ಮೂಲ ಚಿತ್ರದ ಮೇಲಿನ ಬೇರೆ ಪದರ, ಅಂದರೆ ಲೇಯರಿನಲ್ಲಿರಲಿ, ಮರುದಿನ ಬೆಳಿಗ್ಗೆ ನೋಡಿ ಜಾಸ್ತಿ ಅನ್ನಿಸಿದರೆ ತಗ್ಗಿಸಬಹುದು.

ಕಲ್ಯಾಣ ಮಂಟಪದ ಎಲ್ಇಡಿ ದೀಪಕ್ಕೆ ಫೋಟೋದಲ್ಲಿ ಪಟ್ಟೆ ಪಟ್ಟೆ ಬರುವ ತಕರಾರು ಬಹಳ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/100 ಅಥವಾ 1/50 ಇಟ್ಟರೆ ಪಟ್ಟೆ ಸಾಮಾನ್ಯವಾಗಿ ಹೋಗುತ್ತದೆ. 1/1000ರಲ್ಲಿ ಹೊಡೆದು ಆಮೇಲೆ ಒರೆಸಲು ಕೂತರೆ ಬೆಳಗಾಗುತ್ತದೆ, ಮತ್ತೆ ಅದೇ ಊರುಗೋಲು.

ಸುದ್ದಿಯ ಫೋಟೋ ಮಾತ್ರ ಬೇರೆ ಜಾತಿ, ಅಲ್ಲಿ ಇದ್ದದ್ದನ್ನು ಜರುಗಿಸಿದರೆ ಸುಳ್ಳೇ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1982ರ ಫೆಬ್ರವರಿ ಮುಖಪುಟದಲ್ಲಿ ಅಡ್ಡ ಫೋಟೋ ಉದ್ದಕ್ಕೆ ಹೊಂದಲಿ ಎಂದು ಈಜಿಪ್ಟಿನ ಪಿರಮಿಡ್ಡುಗಳನ್ನು ಹತ್ತಿರ ಸರಿಸಿ ಉಗಿಸಿಕೊಂಡಿತು. ಫೋಟೋಶಾಪ್ ಮಾರಾಟಕ್ಕೆ ಬಂದದ್ದೇ 1990ರಲ್ಲಿ. ಅಂದರೆ ಫೋಟೋಶಾಪಿಗೆ ಬಯ್ಯುವ ಮುಂಚೆ ವರ್ಷ ನೋಡಿಕೊಳ್ಳಬೇಕು.

ಹಳೇ ಫೋಟೋ ರಿಪೇರಿ ಬಗ್ಗೆ ಹೇಳಬೇಕೆಂದಿದ್ದೆ, ಆಗಲೇ ಗಾಜಿನಾಚೆಯಿಂದ ಕೈ ಸನ್ನೆ ಬಂತು. ಒಂದೇ ಮಾತು: ಮೂಲ ಫೈಲ್ ಬೇರೆ ಫೋಲ್ಡರಿನಲ್ಲಿರಲಿ, ತಿದ್ದುವುದು ನಕಲಿನ ಮೇಲೆ. ಜೆಪೆಗ್ ತಿದ್ದಿ ತಿದ್ದಿ ಸೇವ್ ಮಾಡಿದರೆ ಒಂದೊಂದು ಸಲವೂ ಒಂದಿಷ್ಟು ವಿವರ ಉದುರುತ್ತದೆ. ಅಜ್ಜಿಯ ಸೀರೆಯ ಅಂಚಿನಲ್ಲಿ ಮೊದಲಿಲ್ಲದ ಚೌಕಳಿ ಕಾಣತೊಡಗಿದರೆ ಆ ಫೈಲ್ ಬಿಟ್ಟು ಮೂಲಕ್ಕೆ ಹೋಗಿ. ಶರಣು.