ಆಟಗಾರರ ಮಾತು ಮತ್ತು ಅದಕ್ಕೆ ತೆರುವ ಬೆಲೆ

ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿರುವ ಹಿರಿಯರೇ, ಶಿರಸಿ ಸೀಮೆಯ ಕ್ರೀಡಾಭಿಮಾನಿಗಳೇ, ವಿದ್ಯಾರ್ಥಿ ಮಿತ್ರರೇ,

ಕ್ರೀಡಾಪಟುಗಳು ರಾಜಕೀಯ ವಿಷಯಗಳ ಬಗ್ಗೆ ಬಹಿರಂಗವಾಗಿ ಮಾತನಾಡಬೇಕೇ ಎಂಬ ವಿಷಯವನ್ನು ಇಂದು ನನಗೆ ವಹಿಸಿದ್ದೀರಿ. ಮಾತನಾಡುವ ಹಕ್ಕು ಅವರಿಗಿದೆ. ವಾಕ್ ಸ್ವಾತಂತ್ರ್ಯ ನೀಡುವ ಸಂವಿಧಾನದ 19ನೇ ವಿಧಿ ಆಟಗಾರರನ್ನು ಹೊರಗಿಟ್ಟಿಲ್ಲ. ಆದರೆ ಆ ಹಕ್ಕನ್ನು ಬಳಸಿದವರು ತೆರುವ ಬೆಲೆ ಮಾತ್ರ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಯಾರು ಮಾತನಾಡಬೇಕು ಎಂಬುದನ್ನು ಈ ವ್ಯತ್ಯಾಸವನ್ನು ಮುಂದಿಟ್ಟುಕೊಂಡೇ ನಿರ್ಧರಿಸಬೇಕೆಂಬುದು ನನ್ನ ನಿಲುವು.

1968ರ ಅಕ್ಟೋಬರ್ 16ರಂದು ಮೆಕ್ಸಿಕೊ ಒಲಿಂಪಿಕ್ಸ್‌ನ 200 ಮೀಟರ್ ಓಟದ ಪದಕ ಪ್ರದಾನದಲ್ಲಿ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ವರ್ಣಭೇದವನ್ನು ಪ್ರತಿಭಟಿಸಿ ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನು ಮೇಲೆತ್ತಿ ನಿಂತ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದರಲ್ಲಿರುವ ಮೂರನೆಯ ವ್ಯಕ್ತಿ ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್. ಕಾರ್ಲೋಸ್ ತಮ್ಮ ಕೈಗವಸನ್ನು ಮರೆತು ಬಂದಿದ್ದಾಗ, ಸ್ಮಿತ್ ಅವರ ಜೋಡಿಯನ್ನೇ ಇಬ್ಬರೂ ಒಂದೊಂದಾಗಿ ಹಾಕಿಕೊಳ್ಳಿ ಎಂದು ಸೂಚಿಸಿದವರು ಇವರೇ. ಆದ್ದರಿಂದಲೇ ಚಿತ್ರದಲ್ಲಿ ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ. ನಾರ್ಮನ್ ಕೈ ಎತ್ತಲಿಲ್ಲ. ಅಮೆರಿಕದ ಒಬ್ಬ ದೋಣಿ ಸ್ಪರ್ಧಿಯಿಂದ ಮಾನವ ಹಕ್ಕುಗಳ ಬ್ಯಾಡ್ಜ್ ಪಡೆದು ಎದೆಗೆ ಚುಚ್ಚಿಕೊಂಡರು. ಆ ಅನ್ಯಾಯ ಅವರ ಮೈಮೇಲೆ ಬಿದ್ದದ್ದಾಗಿರಲಿಲ್ಲ, ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸ್ಮಿತ್ ಮತ್ತು ಕಾರ್ಲೋಸ್ ಕೂಟದಿಂದಲೇ ಹೊರಬೀಳಬೇಕಾಯಿತು. 1972ರ ಮ್ಯೂನಿಕ್ ಕೂಟಕ್ಕೆ ನಾರ್ಮನ್ ಆಯ್ಕೆಯಾಗಲಿಲ್ಲ. ಅದರ ಕಾರಣದ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯಗಳಿವೆ. 2006ರಲ್ಲಿ ಅವರು ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್ ಮತ್ತು ಕಾರ್ಲೋಸ್ ಇದ್ದರು. ಆಸ್ಟ್ರೇಲಿಯಾದ ಸಂಸತ್ತು ನಾರ್ಮನ್ ಅವರ ಕ್ಷಮೆ ಕೋರಿದ್ದು 2012ರಲ್ಲಿ.

ನಮ್ಮ ದೇಶಕ್ಕೆ ಬರೋಣ. 2023ರಲ್ಲಿ ಕುಸ್ತಿಪಟುಗಳಾದ ಸಾಕ್ಷಿ ಮಲಿಕ್, ವಿನೇಶ್ ಫೋಗಟ್, ಬಜರಂಗ್ ಪುನಿಯಾ ಮೊದಲಾದವರು ಕುಸ್ತಿ ಒಕ್ಕೂಟದ ಅಧ್ಯಕ್ಷರ ವಿರುದ್ಧ ಲೈಂಗಿಕ ಕಿರುಕುಳದ ದೂರಿನೊಂದಿಗೆ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಮೇ 28ರಂದು ಪೊಲೀಸರು ಅವರನ್ನು ವಶಕ್ಕೆ ಪಡೆದರು; ಎರಡು ದಿನಗಳ ನಂತರ ಅವರು ಪದಕಗಳನ್ನು ಗಂಗೆಗೆ ಬಿಡಲು ಹರಿದ್ವಾರಕ್ಕೆ ಹೋದರು. ಈ ಮೂವರೂ ಆಗ ರೈಲ್ವೆ ನೌಕರರಾಗಿದ್ದರು ಎಂಬುದನ್ನು ಗಮನಿಸಿ. ಅಭಿನವ್ ಬಿಂದ್ರಾ, ನೀರಜ್ ಚೋಪ್ರಾ, ನಮ್ಮ ಅನಿಲ್ ಕುಂಬ್ಳೆ ಈ ಕುಸ್ತಿಪಟುಗಳ ಪರವಾಗಿ ನೋವು ವ್ಯಕ್ತಪಡಿಸಿದರು. ಆದರೆ ಆಗ ಆಡುತ್ತಿದ್ದ ಬಹುತೇಕ ಕ್ರಿಕೆಟ್ ತಾರೆಯರು ಬಾಯಿ ಬಿಡಲಿಲ್ಲ. ಕೋಟ್ಯಂತರ ಅಭಿಮಾನಿಗಳಿದ್ದೂ, ಮುಂದಿನ ತಿಂಗಳ ಸಂಬಳದ ಚಿಂತೆಯಿಲ್ಲದಿದ್ದೂ ಅವರು ಸುಮ್ಮನಿದ್ದುದನ್ನು ನಾನು ಸುಲಭವಾಗಿ ಒಪ್ಪಲಾರೆ.

ಆದರೆ ಇದೇ ಅಳತೆಗೋಲನ್ನು ನಮ್ಮ ಜಿಲ್ಲೆಯ ಮಕ್ಕಳ ಮೇಲೆ ಪ್ರಯೋಗಿಸಬಾರದು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅಥ್ಲೆಟಿಕ್ಸ್ ತರಬೇತಿಗೆ ಆರಿಸಿಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಇಂತಹ ಮನೆಗಳ ಮಕ್ಕಳಿಗೆ ಓಟವೆಂದರೆ ಕ್ರೀಡಾ ಕೋಟಾದ ಒಂದು ನೌಕರಿ, ಆ ನೌಕರಿಯೆಂದರೆ ಇಡೀ ಕುಟುಂಬದ ಊಟ. ಸರ್ಕಾರಿ ನೌಕರರು ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ ಎಂದು ನಡತೆ ನಿಯಮಗಳು ಹೇಳುತ್ತವೆ. ಅಜ್ಜನ ಕಾಲದಿಂದ ಸಾಗುವಳಿ ಮಾಡಿದ ಗದ್ದೆಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೊಟ್ಟ ಅರ್ಜಿ ತಿರಸ್ಕೃತವಾದರೆ, ಆ ಮನೆಯ ಓಟಗಾರ್ತಿಗೆ ಅದು ಮನೆಯ ಸಂಕಟ. ಆಕೆ ಮೈಕಿನ ಮುಂದೆ ಅದನ್ನೇ ಹೇಳಿದರೆ ರಾಜಕೀಯ ಎನಿಸಿಕೊಳ್ಳುತ್ತದೆ. ಹಾಗೆ ಆಕೆ ಮೌನವಾಗಿದ್ದರೆ ಅದನ್ನು ಹೇಡಿತನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೈದಾನವಾದರೂ ಶಾಂತವಾಗಿರಲಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2021ರಲ್ಲಿ ಸ್ಪರ್ಧೆ ಆರಂಭವಾಗುವ ಮುನ್ನ ಅಭಿಪ್ರಾಯ ಸೂಚಿಸಲು ಅವಕಾಶ ನೀಡಿ, ಸ್ಪರ್ಧೆ ನಡೆಯುವಾಗ, ಪದಕ ವೇದಿಕೆ ಮೊದಲಾದೆಡೆ ನಿರ್ಬಂಧವನ್ನು ಉಳಿಸಿಕೊಂಡಿತು. ಸ್ಪರ್ಧೆ ನಡೆಯುವಾಗಿನ ಶಿಸ್ತನ್ನು ನಾನೂ ಒಪ್ಪುತ್ತೇನೆ. ಸ್ಪರ್ಧೆ ಮುಗಿದ ಮೇಲೂ ಬಾಯಿಗೆ ಬೀಗ ಹಾಕುವುದನ್ನು ಒಪ್ಪಲಾರೆ.

ಸಂಘಟಕರ ಮುಂದೆ ಒಂದು ವಿನಂತಿ ಇಡುತ್ತೇನೆ. ತಾಲೂಕು ಮಟ್ಟದ ಪ್ರತಿಯೊಂದು ಕ್ರೀಡಾ ಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲೂ ಹಾಲಿ ಆಡುತ್ತಿರುವ ಇಬ್ಬರಿಗೆ, ಅವರಲ್ಲಿ ಒಬ್ಬ ಹೆಣ್ಣುಮಗಳಿಗೆ, ಮತದಾನದ ಹಕ್ಕಿರುವ ಸ್ಥಾನ ಕೊಡಿ. ತರಬೇತುದಾರರ ವಿರುದ್ಧ ಬರುವ ದೂರನ್ನು ಆ ಸಮಿತಿಯ ಹೊರಗಿನ ಒಬ್ಬ ಮಹಿಳಾ ವಕೀಲರು ಕೇಳಲಿ. ಈ ಊರಿನಿಂದ ಹೊರಟು ಹೆಸರು ಮಾಡಿ ನೆಲೆಯೂರಿದ ಹಿರಿಯ ಆಟಗಾರರು ವರ್ಷಕ್ಕೊಮ್ಮೆಯಾದರೂ ಬಂದು, ಮಕ್ಕಳು ಹೇಳಲಾರದ್ದನ್ನು ತಮ್ಮ ಹೆಸರಿನಲ್ಲಿ ಅಧಿಕಾರಿಗಳ ಎದುರು ಹೇಳಲಿ.