ಬೆಳಕಿನೊಳಗಿನ ಕಪ್ಪು ಗೆರೆಗಳು

ಉಪ್ಪುನೀರಿನಲ್ಲಿ ಅದ್ದಿದ ತಂತಿಯನ್ನು ಈ ನೀಲಿ ಜ್ವಾಲೆಗೆ ಹಿಡಿದೊಡನೆ ಅದು ಗಾಢ ಹಳದಿಗೆ ತಿರುಗಿದ್ದನ್ನು ನೀವು ನೋಡಿದಿರಿ. ಇದೇ ಬೆಳಕನ್ನು ಕಿರಿದಾದ ಸೀಳುಗಂಡಿಯ ಮೂಲಕ ಹಾಯಿಸಿ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಹಳೆಯ ಸಿ.ಡಿ.ಯ ತುಣುಕಿನ ಮೇಲೆ ಬೀಳಿಸಿದಾಗ, ಉಳಿದ ಬಣ್ಣಗಳೆಲ್ಲ ಮಸುಕಾಗಿ ಒಂದು ಹಳದಿ ಗೆರೆ ಮಾತ್ರ ಎದ್ದು ಕಾಣುತ್ತದೆ. ಸೂಕ್ಷ್ಮ ಉಪಕರಣದಲ್ಲಿ ಅದು 589.0 ಮತ್ತು 589.6 ನ್ಯಾನೋಮೀಟರ್ ತರಂಗದೂರದ ಎರಡು ಗೆರೆಗಳಾಗಿ ಬೇರ್ಪಡುತ್ತದೆ. ಅದು ಸೋಡಿಯಂನ ಗುರುತು.

ಬೆಳಕನ್ನು ಹೀಗೆ ಬಿಡಿಸಿ, ಅದನ್ನು ಹೊರಸೂಸಿದ ಅಥವಾ ಹೀರಿಕೊಂಡ ವಸ್ತುವನ್ನು ಅರಿಯುವ ವಿದ್ಯೆಯೇ ರೋಹಿತದರ್ಶನ, ಅಂದರೆ ಸ್ಪೆಕ್ಟ್ರೋಸ್ಕೋಪಿ. ಪರಮಾಣುವಿನೊಳಗಿನ ಎಲೆಕ್ಟ್ರಾನ್‌ಗಳು ನಿಗದಿತ ಶಕ್ತಿಮಟ್ಟಗಳಲ್ಲಷ್ಟೇ ಇರಬಲ್ಲವಾದ್ದರಿಂದ, ಮೇಲಿನ ಮಟ್ಟದಿಂದ ಕೆಳಗಿಳಿಯುವಾಗ ಅವು ನಿರ್ದಿಷ್ಟ ತರಂಗದೂರದ ಬೆಳಕನ್ನೇ ಬಿಡುತ್ತವೆ, ಮೇಲೇರಲು ಅದೇ ಬೆಳಕನ್ನು ನುಂಗುತ್ತವೆ.

ನನ್ನನ್ನು ಹೆಚ್ಚು ಸೆಳೆಯುವುದು ಈ ನುಂಗುವಿಕೆ. 1814ರಲ್ಲಿ ಜರ್ಮನಿಯ ಭೌತವಿಜ್ಞಾನಿ ಫ್ರಾನ್‌ಹೋಫರ್ ಸೂರ್ಯನ ರೋಹಿತದಲ್ಲಿ, ಅಂದರೆ ಬಿಡಿಸಿದ ಬೆಳಕಿನ ಬಣ್ಣಪಟ್ಟಿಯಲ್ಲಿ, ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಗುರುತಿಸಿದ್ದರೂ ಅವುಗಳ ಅರ್ಥ ಯಾರಿಗೂ ತಿಳಿದಿರಲಿಲ್ಲ. ಅವುಗಳಲ್ಲಿ ಒಂದು ಜೋಡಿ, ನಮ್ಮ ಜ್ವಾಲೆಯ ಹಳದಿ ಗೆರೆಗಳು ಬೀಳುವ ಸ್ಥಳದಲ್ಲೇ ಇದೆ. ಸೂರ್ಯನ ಹೊರಪದರದ, ತುಸು ತಣ್ಣಗಿನ ಸೋಡಿಯಂ ಆವಿಯು ಒಳಗಿನಿಂದ ಬರುವ ಬೆಳಕಿನಲ್ಲಿ ತನ್ನ ಪಾಲನ್ನು ಹೀರಿಕೊಂಡಿದೆ ಎಂದು 1859ರಲ್ಲಿ ಭೌತವಿಜ್ಞಾನಿ ಕಿರ್ಖಾಫ್ ವಿವರಿಸಿದರು. ನಕ್ಷತ್ರಗಳ ರಾಸಾಯನಿಕ ಸ್ವರೂಪ ಮನುಷ್ಯನಿಗೆ ಎಂದಿಗೂ ತಿಳಿಯದು ಎಂದು ತತ್ತ್ವಜ್ಞಾನಿ ಆಗಸ್ಟ್ ಕಾಮ್ಟ್ ಬರೆದು ಆಗಿನ್ನೂ ಕಾಲು ಶತಮಾನವೂ ಕಳೆದಿರಲಿಲ್ಲ.

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಿಂದ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ರೋಹಿತದರ್ಶಕದ ಮೂಲಕ ವೀಕ್ಷಿಸಿದರು. ಆ ವರ್ಷ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಕಂಡ ಹಳದಿ ಗೆರೆಯನ್ನು ಕೆಲವರು ಸೋಡಿಯಂನದೆಂದೇ ಎಣಿಸಿದ್ದರು. ಆದರೆ ಅದು ಬಿದ್ದದ್ದು ಸುಮಾರು 587.6 ನ್ಯಾನೋಮೀಟರ್‌ನಲ್ಲಿ. ಒಂದೆರಡು ನ್ಯಾನೋಮೀಟರ್‌ಗಳಷ್ಟೇ ಇದ್ದ ಆ ವ್ಯತ್ಯಾಸವನ್ನು ಇಂಗ್ಲೆಂಡಿನ ಖಗೋಳವಿಜ್ಞಾನಿ ಲಾಕ್‌ಯರ್ ಕಡೆಗಣಿಸದೆ ಅದರಲ್ಲಿ ಹೀಲಿಯಂ ಎಂಬ ಹೊಸ ಧಾತುವಿನ ಸುಳಿವನ್ನು ಕಂಡರು. ಭೂಮಿಯ ಮೇಲೆ ರಸಾಯನವಿಜ್ಞಾನಿ ರ‍್ಯಾಮ್ಸೆ ಅದೇ ಹೀಲಿಯಂ ಅನ್ನು ಬೇರ್ಪಡಿಸಿದ್ದು 1895ರಲ್ಲಿ.

ಇಂದು ಇದೇ ವಿದ್ಯೆ ಔಷಧಗಳ ಶುದ್ಧತೆಯನ್ನು ಪರೀಕ್ಷಿಸುತ್ತದೆ. 2023ರಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಲೇಸರ್‌ನಿಂದ ಚಂದ್ರನ ಮಣ್ಣನ್ನು ಕಾಯಿಸಿ, ಅದು ಸೂಸಿದ ಬೆಳಕಿನಲ್ಲಿ ಗಂಧಕವನ್ನು ಗುರುತಿಸಿತು. ಅದಕ್ಕೆ ಹಿಂದಿನ ವರ್ಷ ಜೇಮ್ಸ್ ವೆಬ್ ದೂರದರ್ಶಕವು ಬೇರೊಂದು ನಕ್ಷತ್ರವನ್ನು ಸುತ್ತುವ ವಾಸ್ಪ್-39ಬಿ ಎಂಬ ಗ್ರಹದ ವಾತಾವರಣದ ಮೂಲಕ ಸೋಸಿ ಬಂದ ನಕ್ಷತ್ರದ ಬೆಳಕನ್ನು ಬಿಡಿಸಿ ನೋಡಿದಾಗ, 4.3 ಮೈಕ್ರೋಮೀಟರ್ ಸುತ್ತಮುತ್ತ ಬೆಳಕು ಕೊಂಚ ಕಡಿಮೆಯಿತ್ತು. ಅಲ್ಲಿ ಅದನ್ನು ನುಂಗಿದ್ದು ಕಾರ್ಬನ್ ಡೈಆಕ್ಸೈಡ್.